ಕೇಳಿದವರಿಗೆ ಹೇಳುವ ಧೈರ್ಯ

ಸಂಕ್ರಾಂತಿಯ ಸಂಜೆ ಎಳ್ಳುಬೆಲ್ಲದ ತಟ್ಟೆ ಕಥೋಲಿಕರ ಮನೆಯ ಬಾಗಿಲಿಗೂ ಬರುತ್ತದೆ. ನೆರೆಮನೆಯ ಹೆಣ್ಣುಮಕ್ಕಳು ಹೊಸ ಲಂಗ ಉಟ್ಟು, ಸಕ್ಕರೆ ಅಚ್ಚು, ಕಬ್ಬಿನ ತುಂಡುಗಳೊಡನೆ ಎಳ್ಳು ಬೀರಲು ಬಂದಾಗ ನಮ್ಮ ತಾಯಂದಿರು ಅದನ್ನು ಸಂತೋಷದಿಂದಲೇ ಸ್ವೀಕರಿಸುತ್ತಾರೆ. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂಬ ನಾಡಿನ ವಾಡಿಕೆಯೂ ಅವರಿಗೆ ಗೊತ್ತು. ಆ ದಿನಕ್ಕೂ ನಮ್ಮ ಧರ್ಮಸಭೆಗೂ ಈಗ ಇನ್ನೊಂದು ನಂಟು ಬೆಳೆದಿದೆ. ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಮೊತ್ತಮೊದಲು ಸಂತಪದವಿಗೇರಿದ ದೇವಸಹಾಯಂ ಅವರು ಪ್ರಾಣವಿತ್ತದ್ದು 1752ರ ಜನವರಿ 14ರಂದು. ಹಬ್ಬ ಮತ್ತು ಸ್ಮರಣೆ ಹೀಗೆ ಒಂದೇ ದಿನಕ್ಕೆ ಕೂಡಿಬಂದಿರುವುದು ಆಕಸ್ಮಿಕವಷ್ಟೆ. ಆದರೆ ನಾವು ಶುಭಸಂದೇಶವೆಂದು ಕರೆಯುವ ಗ್ರೀಕ್ ಪದದ ನೇರ ಅರ್ಥ ‘ಒಳ್ಳೆಯ ಸುದ್ದಿ’ ಎಂಬುದನ್ನು ನೆನೆದಾಗ ಆ ಎಳ್ಳಿನ ತಟ್ಟೆಯ ಮುಂದೆ ಕೊಂಚ ಮುಜುಗರವಾಗುತ್ತದೆ. ಕ್ರಿಸ್ಮಸ್ಸಿಗೆ ನಾವು ಕೇಕು, ಕಜ್ಜಾಯ ಕಳುಹಿಸುತ್ತೇವೆ; ಸಂಕ್ರಾಂತಿಗೆ ಅವರು ಎಳ್ಳು ಕಳುಹಿಸುತ್ತಾರೆ. ತಟ್ಟೆಗೆ ತಟ್ಟೆ ಸಲ್ಲುತ್ತದೆ. ಆ ಒಳ್ಳೆಯ ಸುದ್ದಿ ಮಾತ್ರ ಮೂವತ್ತು ವರ್ಷಗಳ ನೆರೆಹೊರೆಯಲ್ಲಿಯೂ ನಮ್ಮ ಬಾಯಿಯಿಂದ ಹೊರಬಿದ್ದಿರುವುದಿಲ್ಲ.

ವಿಶ್ವಾಸವನ್ನು ದಿಟ್ಟತನದಿಂದ ಹಂಚಿಕೊಳ್ಳಬೇಕೆಂದು ಪೂಜಾಪೀಠದಿಂದ ಹೇಳಿದಾಗ ನಮ್ಮ ಜನರ ಮನಸ್ಸಿನಲ್ಲಿ ಏಳುವ ಚಿತ್ರ ಯಾವುದೆಂಬುದನ್ನು ನಾನು ಬಲ್ಲೆ. ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚುವವರು, ಧ್ವನಿವರ್ಧಕ ಹಿಡಿದು ಕೂಗುವವರು ಅವರ ಕಣ್ಮುಂದೆ ಬರುತ್ತಾರೆ. ಕೂಡಲೇ, ಅದು ಕಥೋಲಿಕರ ಪದ್ಧತಿಯಲ್ಲ, ಅದಕ್ಕೆ ಬೇರೆ ಸಭೆಗಳವರಿದ್ದಾರೆ ಎಂಬ ಸಮಾಧಾನವೂ ಬರುತ್ತದೆ. ಇನ್ನು ಕೆಲವರಿಗೆ ಅದು ಗುರುಗಳ, ಕನ್ಯಾಸ್ತ್ರೀಯರ, ಉಪದೇಶಿಗಳ ಕೆಲಸ. ಎರಡೂ ಅಭಿಪ್ರಾಯಗಳು ಬಹಳ ಅನುಕೂಲಕರವಾದವು. ಇಷ್ಟು ಅನುಕೂಲಕರವಾದ ಅಭಿಪ್ರಾಯಗಳನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳಿತು. ದೇವಸಹಾಯಂ ಅವರಿಗೆ ಕ್ರಿಸ್ತನ ಹೆಸರನ್ನು ಮೊದಲು ತಿಳಿಸಿದವರು ಗುರುವಲ್ಲ, ಉಪದೇಶಿಯಲ್ಲ. ಅವರೊಬ್ಬ ಸಹೋದ್ಯೋಗಿ, ವೃತ್ತಿಯಿಂದ ಸೈನಿಕ.

ಆ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕು. 1712ರಲ್ಲಿ ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂ ಎಂಬ ಊರಿನ ಮೇಲ್ಜಾತಿಯ ಕುಟುಂಬದಲ್ಲಿ ಹುಟ್ಟಿದ ನೀಲಕಂಠ ಪಿಳ್ಳೈ, ತಿರುವಾಂಕೂರಿನ ಮಹಾರಾಜ ಮಾರ್ತಾಂಡವರ್ಮನ ಆಡಳಿತದಲ್ಲಿ ಅಧಿಕಾರಿಯಾಗಿದ್ದರು. ರಾಜಧಾನಿ ಆಗ ಪದ್ಮನಾಭಪುರಂ. 1741ರಲ್ಲಿ ಕೊಳಚ್ಚಲ್ ಎಂಬಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ತಿರುವಾಂಕೂರಿನ ಸೈನ್ಯ ಸೋಲಿಸಿತು. ಸೆರೆಸಿಕ್ಕವರಲ್ಲಿ ಯುಸ್ಟಾಷಿಯಸ್ ಡಿ ಲನಾಯ್ ಎಂಬ ದಳಪತಿಯೂ ಒಬ್ಬರು. ರಾಜನು ಅವರ ಸಾಮರ್ಥ್ಯವನ್ನು ಕಂಡು ತನ್ನ ಸೇವೆಗೇ ತೆಗೆದುಕೊಂಡನು. ಅವರು ತಿರುವಾಂಕೂರಿನ ಸೈನಿಕರಿಗೆ ಯುರೋಪಿನ ಕವಾಯತು ಕಲಿಸಿದರು, ಫಿರಂಗಿ ವಿಭಾಗವನ್ನು ಕಟ್ಟಿದರು, ಉದಯಗಿರಿಯ ಕೋಟೆಯನ್ನು ಬಲಪಡಿಸಿದರು. ಕಾಲಕ್ರಮದಲ್ಲಿ ಜನರ ಬಾಯಲ್ಲಿ ‘ವಲಿಯ ಕಪ್ಪಿತ್ತಾನ್’, ಅಂದರೆ ದೊಡ್ಡ ಕಪ್ತಾನ ಎನಿಸಿಕೊಂಡರು. ಡಿ ಲನಾಯ್ ಕಥೋಲಿಕರು. ಸೋತು ಸೆರೆಯಾಳಾಗಿ ಬಂದ ಪರದೇಶಿ. ಪರಧರ್ಮದ ರಾಜನ ಕೃಪೆಯಲ್ಲಿ ಬದುಕುತ್ತಿದ್ದ ಮನುಷ್ಯ. ಬಾಯಿ ಮುಚ್ಚಿಕೊಂಡಿರಲು ನಮ್ಮಲ್ಲಿ ಯಾರಿಗಾದರೂ ಇರುವುದಕ್ಕಿಂತ ಹೆಚ್ಚಿನ ಕಾರಣಗಳು ಅವರಿಗಿದ್ದವು.

ನೀಲಕಂಠ ಪಿಳ್ಳೈ ಅವರಿಗೂ ಡಿ ಲನಾಯ್ ಅವರಿಗೂ ಕೆಲಸದ ನಿಮಿತ್ತ ಪರಿಚಯವಾಯಿತು; ಪರಿಚಯ ಸ್ನೇಹವಾಯಿತು. ಆ ದಿನಗಳಲ್ಲಿ ನೀಲಕಂಠರ ಮನೆಗೆ ಕಷ್ಟಗಳ ಮೇಲೆ ಕಷ್ಟಗಳು ಬಂದವು. ಜಾನುವಾರುಗಳು ಸತ್ತವು, ಬೆಳೆ ನಷ್ಟವಾಯಿತು, ಸಂಪತ್ತು ಕರಗಿತು ಎಂದು ಅವರ ಜೀವನಚರಿತ್ರೆಯ ಪರಂಪರೆ ಹೇಳುತ್ತದೆ. ಅವರ ಮುಖದಲ್ಲಿದ್ದ ದುಃಖವನ್ನು ಡಿ ಲನಾಯ್ ಗಮನಿಸಿದರು, ಕಾರಣ ಕೇಳಿದರು. ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಂಡ ಬಳಿಕ ಪವಿತ್ರ ಬೈಬಲಿನ ಯೋಬನ ಕಥೆಯನ್ನು ಹೇಳಿದರು.

ಯೋಬನ ಕಥೆ! ಸ್ನೇಹಿತನ ದುಃಖಕ್ಕೆ ಆ ಸೈನಿಕ ಆರಿಸಿಕೊಂಡ ಗ್ರಂಥ ಯಾವುದೆಂಬುದನ್ನು ಓದುಗರು ಗಮನಿಸಬೇಕು. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಕೆಡುಕಿನ ಸಮಸ್ಯೆಗೆ ದಾರ್ಶನಿಕರು ಕೊಟ್ಟ ಉತ್ತರಗಳನ್ನೆಲ್ಲ ನಾವು ಬಾಯಿಪಾಠ ಮಾಡಿದ್ದೆವು. ಸಾವಿನ ಮನೆಗೆ ಹೋದಾಗ ಅವುಗಳಲ್ಲಿ ಒಂದಾದರೂ ಉಪಯೋಗಕ್ಕೆ ಬಂದದ್ದಿಲ್ಲ. ಯೋಬನ ಗ್ರಂಥದಲ್ಲಿ ಅಂಥ ಉತ್ತರಗಳನ್ನು ಕೊಡುವವರು ಅವನ ಸ್ನೇಹಿತರು. ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಮುಂದೆ ಅವರು ದೇವರ ಪರವಾಗಿ ಉದ್ದುದ್ದ ಭಾಷಣ ಮಾಡುತ್ತಾರೆ: ನೀನು ಏನೋ ಪಾಪ ಮಾಡಿರಬೇಕು, ಅದಕ್ಕೇ ಈ ಶಿಕ್ಷೆ ಎನ್ನುತ್ತಾರೆ. ಕೊನೆಯಲ್ಲಿ ದೇವರು ಗದರುವುದು ಜಗಳವಾಡಿದ ಯೋಬನನ್ನಲ್ಲ. ತನ್ನ ವಕಾಲತ್ತು ವಹಿಸಿದ ಆ ಧರ್ಮಿಷ್ಠರ ಮೇಲೆ ತನಗೆ ಕೋಪ ಬಂದಿದೆ ಎನ್ನುತ್ತಾನೆ. ಆದ್ದರಿಂದ ದುಃಖಿತನಿಗೆ ಯೋಬನ ಕಥೆಯನ್ನು ಹೇಳುವವನು, ದುಃಖಿತರಿಗೆ ಧರ್ಮಬೋಧೆ ಮಾಡುವವರ ವಿರುದ್ಧದ ಕಥೆಯನ್ನೇ ಹೇಳುತ್ತಾನೆ. ಡಿ ಲನಾಯ್ ನೀಲಕಂಠರಿಗೆ, ನಿನ್ನ ದೇವರುಗಳು ಕೈಬಿಟ್ಟರು, ನನ್ನ ದೇವರು ಕೈಹಿಡಿಯುತ್ತಾನೆ ಎನ್ನಲಿಲ್ಲ. ದೀಕ್ಷಾಸ್ನಾನ ಪಡೆದರೆ ದನಕರುಗಳು ಹಿಂದಿರುಗುತ್ತವೆ ಎನ್ನಲೂ ಇಲ್ಲ. ನಿನ್ನಂಥ ಮತ್ತೊಬ್ಬ ಮನುಷ್ಯನಿದ್ದ, ಅವನು ದೇವರ ಮುಂದೆ ಮುಚ್ಚುಮರೆಯಿಲ್ಲದೆ ಅತ್ತ, ದೇವರು ಅವನಿಗೆ ಕಿವಿಗೊಟ್ಟ ಎಂಬುದು ಆ ಕಥೆಯ ತಿರುಳು. ಒಬ್ಬನ ಸಂಕಟವನ್ನು ಬಳಸಿಕೊಳ್ಳುವುದಕ್ಕೂ ಆ ಸಂಕಟದಲ್ಲಿ ಅವನ ಜೊತೆಗೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ನೀಲಕಂಠರು ಮತ್ತೆ ಕೇಳಿದರು. ಡಿ ಲನಾಯ್ ಮತ್ತೆ ಹೇಳಿದರು. ಕೊನೆಗೆ ನೀಲಕಂಠರು ದೀಕ್ಷಾಸ್ನಾನ ಬಯಸಿದಾಗ ಅವರನ್ನು ವಡಕ್ಕನ್‌ಕುಳಂ ಊರಿನಲ್ಲಿದ್ದ ಯೇಸುಸಭೆಯ ಗುರುಗಳ ಬಳಿಗೆ ಕಳುಹಿಸಿಕೊಟ್ಟರು. ಅಲ್ಲಿ 1745ರಲ್ಲಿ ಅವರು ದೀಕ್ಷಾಸ್ನಾನ ಪಡೆದು, ಲಾಜರ ಎಂಬ ಹೆಸರಿನ ತಮಿಳು ರೂಪವಾದ ದೇವಸಹಾಯಂ ಎಂಬ ನಾಮಧೇಯವನ್ನು ಸ್ವೀಕರಿಸಿದರು. ಅನಂತರ ಅವರ ಪತ್ನಿ ಭಾರ್ಗವಿ ಅಮ್ಮಾಳ್ ಕೂಡ ವಿಶ್ವಾಸವನ್ನು ಅಂಗೀಕರಿಸಿ ಜ್ಞಾನಪ್ಪೂ ಎನಿಸಿದರು. ಹೇಳುವ ಕೆಲಸ ಸಹೋದ್ಯೋಗಿಯದು, ಸಂಸ್ಕಾರ ನೀಡುವ ಕೆಲಸ ಗುರುವಿನದು, ನಿರ್ಧಾರ ಕೇಳಿದವನದು. ಈ ಮೂರನ್ನು ಬೆರೆಸದೆ ನಡೆದುಕೊಂಡದ್ದರಲ್ಲಿ ಎಷ್ಟು ಸಂಯಮವಿದೆ!

ಮುಂದಿನದನ್ನು ಅನೇಕರು ಬಲ್ಲರು. 1749ರಲ್ಲಿ ದೇವಸಹಾಯಂ ಬಂಧಿತರಾದರು. ಮೂರು ವರ್ಷ ಚಿತ್ರಹಿಂಸೆ ಅನುಭವಿಸಿದರು, ಎಮ್ಮೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿಕೊಂಡರು, ಕೊನೆಗೆ ಆರಲ್ವಾಯ್‌ಮೊಳಿಯ ಬಳಿಯ ಕಾಟ್ಟಾಡಿಮಲೈ ಗುಡ್ಡದಲ್ಲಿ ಗುಂಡೇಟಿಗೆ ಬಲಿಯಾದರು. ಅವರ ಪಾರ್ಥಿವ ಶರೀರ ನಾಗರಕೋಯಿಲಿನ ಕೋಟ್ಟಾರಿನಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ದೇವಾಲಯದಲ್ಲಿದೆ. 2012ರ ಡಿಸೆಂಬರ್ 2ರಂದು ಅವರಿಗೆ ಪುನೀತ ಪದವಿಯೂ, 2022ರ ಮೇ 15ರಂದು ಸಂತಪದವಿಯೂ ದೊರೆತವು. ಅವರ ಮೇಲೆ ಹೊರಿಸಲಾದ ಆರೋಪಗಳ ಸ್ವರೂಪದ ಬಗ್ಗೆ ಇತಿಹಾಸಕಾರರಲ್ಲಿ ಏಕಾಭಿಪ್ರಾಯವಿಲ್ಲ. ರಾಜದ್ರೋಹದ ಮಾತೂ ಅದರಲ್ಲಿ ಸೇರಿದೆ. ಅದೇ ರಾಜ್ಯದಲ್ಲಿ ಡಿ ಲನಾಯ್ ಕಥೋಲಿಕರಾಗಿಯೇ ಉಳಿದು, ದಂಡನಾಯಕರಾಗಿ 1777ರವರೆಗೆ ಬದುಕಿ, ಉದಯಗಿರಿಯ ಕೋಟೆಯೊಳಗಿನ ದೇವಾಲಯದಲ್ಲಿ ಸಮಾಧಿಯಾದರು ಎಂಬುದನ್ನೂ ಮರೆಯಬಾರದು. ಆದ್ದರಿಂದ ಈ ಕಥೆಯನ್ನು ಒಂದು ಧರ್ಮದವರು ಇನ್ನೊಂದು ಧರ್ಮದವರಿಗೆ ಕೊಟ್ಟ ಹಿಂಸೆಯ ಕಥೆಯನ್ನಾಗಿ ಹೇಳುತ್ತ ಹೋಗುವುದು ಇತಿಹಾಸಕ್ಕೂ ನ್ಯಾಯವಲ್ಲ, ಸಂತರಿಗೂ ಗೌರವವಲ್ಲ.

ಅವರ ಸಮಕಾಲೀನರನ್ನು ಕೆರಳಿಸಿದ ಒಂದು ಸಂಗತಿ ಮಾತ್ರ ನಿಸ್ಸಂದೇಹವಾದದ್ದು. ಮೇಲ್ಜಾತಿಯಲ್ಲಿ ಹುಟ್ಟಿದ ಆ ಅಧಿಕಾರಿ, ಜಾತಿಯ ಎಲ್ಲೆಗಳನ್ನು ಮೀರಿ ಎಲ್ಲರೂ ಸಮಾನರೆಂದು ಹೇಳಿದರು, ಹಾಗೆಯೇ ನಡೆದರು, ಕೆಳಗಿನವರೆನಿಸಿಕೊಂಡವರ ಜೊತೆ ಬೆರೆತರು. ಸಂತಪದವಿಯ ಸಂದರ್ಭದಲ್ಲಿ ಅವರ ಹೆಸರಿನಿಂದ ಜಾತಿಸೂಚಕವಾದ ‘ಪಿಳ್ಳೈ’ ಎಂಬುದನ್ನು ರೋಮ್ ಕೈಬಿಟ್ಟದ್ದು ಈ ಕಾರಣದಿಂದಲೇ ಉಚಿತವಾಯಿತು. ಇಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ವಿಶ್ವಾಸವನ್ನು ಹೊರಗಿನವರ ಮುಂದೆ ಸಾರುವ ಮೊದಲು ನಮ್ಮ ಮದುವೆಯ ಮಾತುಕತೆಗಳನ್ನು ಒಮ್ಮೆ ಕೇಳಿಸಿಕೊಳ್ಳೋಣ. ಹುಡುಗ ಯಾವ ಧರ್ಮಕೇಂದ್ರದವನು ಎಂದು ಆರಂಭವಾಗುವ ವಿಚಾರಣೆ ನಾಲ್ಕನೆಯ ವಾಕ್ಯಕ್ಕೆ ಅವನ ಅಜ್ಜನ ಅಜ್ಜ ಯಾವ ಜಾತಿಯಿಂದ ಬಂದವನು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಒಂದೇ ಪರಮಪ್ರಸಾದ ಸ್ವೀಕರಿಸುವವರ ನಡುವೆ ನಡೆಯುವ ಈ ವಿಚಾರಣೆಯನ್ನು ನಮ್ಮ ಹಿಂದೂ ನೆರೆಯವರು ಬಲ್ಲರು. ನಾವು ಗೋಡೆಗೆ ಹಾಕಿಕೊಂಡ ಶಿಲುಬೆಗಿಂತ ಚೆನ್ನಾಗಿ ಬಲ್ಲರು. ಆ ಮಾತುಕತೆಯ ನಡುವೆ, ಈ ಪ್ರಶ್ನೆ ನಮ್ಮ ಮನೆಯಲ್ಲಿ ಬೇಡ ಎಂದು ಹೇಳುವ ಅಣ್ಣನಿಗೋ ಚಿಕ್ಕಮ್ಮನಿಗೋ ಬೇಕಾದ ಧೈರ್ಯ, ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚುವ ಧೈರ್ಯಕ್ಕಿಂತ ದೊಡ್ಡದು.

ನಮ್ಮ ಮೌನಕ್ಕೆ ಕಾರಣವೇನೆಂದು ಕೇಳಿದರೆ ಈಚಿನ ವರ್ಷಗಳಲ್ಲಿ ಸಿದ್ಧವಾದ ಉತ್ತರವೊಂದು ದೊರೆಯುತ್ತದೆ: ಕಾನೂನು, ಕಾಲ ಸರಿಯಿಲ್ಲ. ಆ ಭಯ ಬರಿಯ ಕಲ್ಪನೆಯಲ್ಲ. 2021ರಲ್ಲಿ ರಾಜ್ಯದ ಹಲವೆಡೆ ಪ್ರಾರ್ಥನಾ ಕೂಟಗಳಿಗೆ ಅಡ್ಡಿಯಾಯಿತು. 2022ರಲ್ಲಿ ಮತಾಂತರಕ್ಕೆ ಸಂಬಂಧಿಸಿದ ಕಾಯ್ದೆ ಬಂತು. ಮತಾಂತರ ಬಯಸುವವನು 30 ದಿನ ಮುಂಚಿತವಾಗಿ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಅದು ವಿಧಿಸಿತು. ನಮ್ಮ ಧರ್ಮಾಧ್ಯಕ್ಷರು ಅದನ್ನು ವಿರೋಧಿಸಿದರು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಆ ಕಾಯ್ದೆಯನ್ನು ಹಿಂತೆಗೆದುಕೊಳ್ಳುವ ತೀರ್ಮಾನ ಕೈಗೊಂಡಿತು. ಇದೆಲ್ಲ ನಿಜ. ಆದರೆ ನಮ್ಮ ಮೌನ ಈ ಕಾಯ್ದೆಗಿಂತ ಬಹಳ ಹಳೆಯದು. 2022ಕ್ಕೆ ಮುಂಚೆ ನಾವು ಮಾತನಾಡುತ್ತಿದ್ದೆವೇ?

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆ ‘ಪ್ರಸಾರ’ ಎಂಬ ಪದ ಸುಲಭವಾಗಿ ಬಂದದ್ದಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಅದನ್ನು ತೆಗೆದುಹಾಕಬೇಕೆಂಬ ವಾದ ಬಲವಾಗಿಯೇ ಎದ್ದಿತು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರು ಆ ಸಭೆಯ ಸದಸ್ಯರಾಗಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಆ ಪದದ ಪರವಾಗಿ ಅಂದು ನಿಂತವರಲ್ಲಿ ಕೆ. ಎಂ. ಮುನ್ಷಿ, ಟಿ. ಟಿ. ಕೃಷ್ಣಮಾಚಾರಿ ಅವರಂಥ ಹಿಂದೂ ಮುಖಂಡರೂ ಇದ್ದರೆಂಬುದನ್ನು ಅದಕ್ಕಿಂತ ಹೆಚ್ಚು ನೆನೆಯಬೇಕು. ತಾವು ಹಲವು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸುವ ಪ್ರಯತ್ನ ನಡೆಯಲಿಲ್ಲವೆಂದು ಕೃಷ್ಣಮಾಚಾರಿಯವರು ಸಭೆಗೆ ತಿಳಿಸಿದರು. ನಮ್ಮ ಶಾಲೆಗಳಿಗೆ ಅದು ದೊಡ್ಡ ಪ್ರಶಸ್ತಿಪತ್ರ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ, ಪ್ರಸಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ, ತನ್ನ ಧರ್ಮದ ತತ್ತ್ವಗಳನ್ನು ವಿವರಿಸಿ ತಿಳಿಸುವ ಹಕ್ಕು ಎಂದು ತೀರ್ಪಿತ್ತಿತು. ಈ ತೀರ್ಪನ್ನು ಟೀಕಿಸುವವರು ನಮ್ಮಲ್ಲಿದ್ದಾರೆ. ಟೀಕೆಗೆ ಅವಕಾಶವೂ ಇದೆ. ಆದರೆ ಒಬ್ಬನ ಅಂತಃಕರಣವನ್ನು ಇನ್ನೊಬ್ಬ ಮನುಷ್ಯ ಪರಿವರ್ತಿಸಬಲ್ಲನೆಂದು ಧರ್ಮಸಭೆ ಎಂದಾದರೂ ಬೋಧಿಸಿದೆಯೇ? ಅದು ದೇವರ ಕೃಪೆಯ ಕೆಲಸ, ಆ ವ್ಯಕ್ತಿಯ ಸ್ವಾತಂತ್ರ್ಯದ ಕೆಲಸ. 1965ರ ಡಿಸೆಂಬರ್ 7ರಂದು, ಒಂದೇ ದಿನ, ದ್ವಿತೀಯ ವ್ಯಾಟಿಕನ್ ಮಹಾಸಭೆ ಎರಡು ದಸ್ತಾವೇಜುಗಳನ್ನು ಹೊರಡಿಸಿತು: ಒಂದು ಧರ್ಮಸಭೆಯ ಪ್ರೇಷಿತಕಾರ್ಯವನ್ನು ಕುರಿತದ್ದು, ಇನ್ನೊಂದು ಧಾರ್ಮಿಕ ಸ್ವಾತಂತ್ರ್ಯವನ್ನು ಕುರಿತದ್ದು. ಬಲವಂತವನ್ನೂ ಅಯೋಗ್ಯವಾದ ಆಮಿಷವನ್ನೂ ಮೊದಲನೆಯದು ನಿಷೇಧಿಸುತ್ತದೆ. ಬಡವರ, ಓದುಬರಹವಿಲ್ಲದವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕೆಂದು ಎರಡನೆಯದು ಹೇಳುತ್ತದೆ. ಆಮಿಷ ತಪ್ಪೆಂದು ತಿಳಿಯಲು ನಮಗೆ ಯಾವ ವಿಧಾನಸಭೆಯೂ ಬೇಕಿರಲಿಲ್ಲ. ಪಕ್ಕದ ಮೇಜಿನವನು ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಆಮಿಷವೂ ಅಲ್ಲ, ಬಲವಂತವೂ ಅಲ್ಲ.

ಅವರು ಕೇಳುತ್ತಾರೆಯೇ ಎಂದರೆ, ಕೇಳುತ್ತಾರೆ. ವಿಭೂತಿ ಬುಧವಾರವನ್ನೇ ತೆಗೆದುಕೊಳ್ಳಿ. ಬೆಳಗಿನ ಬಲಿಪೂಜೆಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು, ಕಚೇರಿಗೆ ಹೊರಡುವ ಮುನ್ನ ದೇವಾಲಯದ ಅಂಗಳದ ನಲ್ಲಿಯಲ್ಲಿ ಮುಖ ತೊಳೆದುಕೊಳ್ಳುವವರನ್ನು ನಾನು ವರ್ಷವರ್ಷವೂ ನೋಡುತ್ತೇನೆ. ಕರವಸ್ತ್ರದಿಂದ ಒರೆಸಿಕೊಳ್ಳುವವರೂ ಇದ್ದಾರೆ. ಯಾರಿಗೆ ಅಂಜಿ? ಇದೇನು ಬೂದಿಯನ್ನು ಕಂಡರಿಯದ ನಾಡೇ? ನಮ್ಮ ಲಿಂಗಾಯತ ಸಹೋದರರು ಹಣೆತುಂಬ ವಿಭೂತಿ ಧರಿಸಿ, ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡು ಅದೇ ಕಚೇರಿಗೆ ಬರುತ್ತಾರೆ. ಮುಸ್ಲಿಂ ಸಹೋದ್ಯೋಗಿ ರಂಜಾನಿನಲ್ಲಿ ಊಟದ ಡಬ್ಬಿ ತರುವುದಿಲ್ಲ. ಯಾರೂ ಅವರನ್ನು ವಿಚಿತ್ರವಾಗಿ ನೋಡುವುದಿಲ್ಲ, ಬದಲಾಗಿ ಗೌರವಿಸುತ್ತಾರೆ. ಹಣೆಯ ಮೇಲಿನ ಬೂದಿಯನ್ನು ಕರ್ನಾಟಕಕ್ಕಿಂತ ಸಹಜವಾಗಿ ಅರ್ಥಮಾಡಿಕೊಳ್ಳುವ ನಾಡು ಇನ್ನೊಂದಿರಲಾರದು. ‘ಇದೇನು ಸಾರ್, ನೀವೂ ವಿಭೂತಿ ಇಟ್ಟಿದ್ದೀರಿ?’ ಎಂದು ಒಬ್ಬರು ನಗುತ್ತ ಕೇಳಬಹುದು. ಆಗ ಹೇಳಬೇಕಾದದ್ದು ಎರಡೇ ವಾಕ್ಯ: ನಾನು ಮಣ್ಣೆಂದು ನೆನಪಿಟ್ಟುಕೊಳ್ಳಲು ಇದು, ಇಂದಿನಿಂದ ನಲವತ್ತು ದಿನ ನಾವು ಉಪವಾಸ, ಪ್ರಾರ್ಥನೆ, ದಾನಗಳಿಂದ ಯೇಸುಸ್ವಾಮಿಯ ಮರಣ ಪುನರುತ್ಥಾನಗಳ ಹಬ್ಬಕ್ಕೆ ಸಿದ್ಧರಾಗುತ್ತೇವೆ. ಆ ಎರಡು ವಾಕ್ಯಗಳಿಗೆ ಹೆದರಿ ನಾವು ನಲ್ಲಿಯ ಬಳಿ ಸಾಲುಗಟ್ಟುತ್ತೇವೆ.

ಹೊಸ ಒಡಂಬಡಿಕೆ ದಿಟ್ಟತನಕ್ಕೆ ಬಳಸುವ ಗ್ರೀಕ್ ಪದ ‘ಪಾರ್ರೇಸಿಯಾ’. ಎಲ್ಲವನ್ನೂ ಹೇಳುವುದು ಎಂಬುದು ಅದರ ಮೂಲಾರ್ಥ. ಅಥೆನ್ಸಿನಲ್ಲಿ ಅದು ಸ್ವತಂತ್ರ ಪೌರನ ಲಕ್ಷಣವಾಗಿತ್ತು. ಗುಲಾಮನು ಯಜಮಾನನ ಮುಖ ನೋಡಿ ಮಾತನಾಡಬೇಕು, ಪೌರನು ಮನಸ್ಸಿನಲ್ಲಿರುವುದನ್ನು ಹೇಳಬಹುದು. ಕೂಗಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ನಾಲ್ಕನೆಯ ಅಧ್ಯಾಯದಲ್ಲಿ ಪೇತ್ರ ಯೊವಾನ್ನರ ಈ ಗುಣವನ್ನು ಕಂಡು ನ್ಯಾಯಸಭೆ ಬೆರಗಾಗುತ್ತದೆ, ಏಕೆಂದರೆ ಅವರು ಓದಿದವರಲ್ಲ. ಆ ಗ್ರಂಥ ಮುಗಿಯುವುದೂ ಇದೇ ಪದದ ನೆರಳಿನಲ್ಲಿ. ಸಂತ ಪೌಲರು ರೋಮಿನಲ್ಲಿದ್ದಾರೆ, ಕಾವಲಿಗೆ ಒಬ್ಬ ಸೈನಿಕನಿದ್ದಾನೆ. ಬೇಕೆಂದ ಕಡೆಗೆ ಹೋಗುವಂತಿಲ್ಲ, ಜನಸಮೂಹವಿಲ್ಲ, ವೇದಿಕೆಯಿಲ್ಲ. ಎರಡು ವರ್ಷ ತಮ್ಮ ಬಾಡಿಗೆಯ ಮನೆಯಲ್ಲಿದ್ದು, ಬಂದವರನ್ನೆಲ್ಲ ಬರಮಾಡಿಕೊಂಡು, ಅವರಿಗೆ ದಿಟ್ಟತನದಿಂದ ಹೇಳುತ್ತಾರೆ. ಲೋಕವನ್ನೆಲ್ಲ ಸುತ್ತಿದ ಪ್ರೇಷಿತನ ಚರಿತ್ರೆ ಒಂದು ಬಾಡಿಗೆಯ ಮನೆಯಲ್ಲಿ ಕೊನೆಗೊಳ್ಳುವುದು ನನಗೆ ಎಂದಿಗೂ ಬೆರಗಿನ ವಿಷಯ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿರುವ ನಮ್ಮ ಕುಟುಂಬಗಳಿಗೆ ಇದಕ್ಕಿಂತ ಹತ್ತಿರದ ಚಿತ್ರ ಬೈಬಲಿನಲ್ಲಿ ಮತ್ತೊಂದಿಲ್ಲ.

ಮಾತಿನ ಅಗತ್ಯವೇನು ಗುರುಗಳೇ, ನಮ್ಮ ಬಾಳೇ ಸಾಕ್ಷಿಯಲ್ಲವೇ ಎಂದು ಕೇಳುವವರಿದ್ದಾರೆ. ಗಂಭೀರವಾಗಿ ಎತ್ತಿಕೊಳ್ಳಬೇಕಾದ ಆಕ್ಷೇಪಣೆಯಿದು. 2022ರ ಮೇ 15ರಂದು ದೇವಸಹಾಯಂ ಅವರೊಡನೆ ಸಂತಪದವಿಗೇರಿದ ಒಂಬತ್ತು ಮಂದಿಯಲ್ಲಿ ಚಾರ್ಲ್ಸ್ ದ ಫೂಕೋ ಅವರೂ ಇದ್ದರು. ಸಹಾರಾ ಮರುಭೂಮಿಯ ತಮನ್‌ರಾಸೆಟ್ಟಿನಲ್ಲಿ ತುವಾರೆಗ್ ಎಂಬ ಮುಸ್ಲಿಂ ಬುಡಕಟ್ಟಿನ ನಡುವೆ ವರ್ಷಗಟ್ಟಲೆ ಬಾಳಿ, ಅವರ ಭಾಷೆಗೆ ನಿಘಂಟು ರಚಿಸಿ, ಅವರ ಸ್ನೇಹಿತರಾಗಿದ್ದು, 1916ರ ಡಿಸೆಂಬರ್ 1ರಂದು ಕೊಲೆಯಾದರು. ಮತಾಂತರಗಳ ಲೆಕ್ಕದಲ್ಲಿ ನೋಡಿದರೆ ಅವರ ಬಾಳು ಬರಿಗೈಯ ಬಾಳು. ಧರ್ಮಸಭೆ ಅವರನ್ನೂ ಸಂತರೆಂದು ಕರೆಯಿತು. ಅದೇ ದಿನ ಸಂತರಾದ ಟೀಟಸ್ ಬ್ರಾಂಡ್ಸ್ಮಾ, ನೆದರ್ಲೆಂಡಿನ ತತ್ತ್ವಶಾಸ್ತ್ರ ಪ್ರಾಧ್ಯಾಪಕರು. ನಾಜಿ ಪ್ರಚಾರವನ್ನು ಮುದ್ರಿಸಬೇಡಿರೆಂದು ಕಥೋಲಿಕ ಪತ್ರಿಕೆಗಳಿಗೆ ಹೇಳಿ 1942ರಲ್ಲಿ ಡಾಹೌ ಶಿಬಿರದಲ್ಲಿ ಪ್ರಾಣ ತೆತ್ತವರು. ಪತ್ರಿಕೆಯೊಂದರ ಅಂಕಣ ಬರೆಯುವ ತತ್ತ್ವಶಾಸ್ತ್ರದ ಹಳೆಯ ವಿದ್ಯಾರ್ಥಿಗೆ ಅವರನ್ನು ನೆನೆಯದೆ ಮುಂದೆ ಹೋಗಲಾಗುವುದಿಲ್ಲ. ಒಂದೇ ಕ್ರಿಸ್ತನಿಗೆ ಸಾಕ್ಷಿ ಹೇಳುವ ಮಾರ್ಗಗಳು ಇಷ್ಟು ವಿಭಿನ್ನ.

ಆದರೂ ಫೂಕೋ ಅವರ ಹೆಸರನ್ನು ನಮ್ಮ ಮೌನಕ್ಕೆ ಹೊದಿಕೆಯಾಗಿ ಬಳಸಿಕೊಳ್ಳುವುದು ಸಲ್ಲದು. ಮರುಭೂಮಿಯ ಆ ಸನ್ಯಾಸಿ ಯಾರು, ಯಾರಿಗಾಗಿ ಅಲ್ಲಿದ್ದಾನೆ ಎಂಬುದು ತುವಾರೆಗ್ ಜನರಲ್ಲಿ ಪ್ರತಿಯೊಬ್ಬನಿಗೂ ಗೊತ್ತಿತ್ತು. ಜಗದ್ಗುರು ಆರನೆಯ ಪೌಲರು 1975ರ ಡಿಸೆಂಬರ್ 8ರಂದು ಹೊರಡಿಸಿದ ಪ್ರೇಷಿತ ಪತ್ರದಲ್ಲಿ ಬಾಳಿನ ಸಾಕ್ಷ್ಯಕ್ಕೆ ಮೊದಲ ಸ್ಥಾನ ಕೊಟ್ಟು, ಒಡನೆಯೇ, ಆ ಬಾಳಿಗೆ ಕಾರಣನಾದವನ ಹೆಸರನ್ನು ಒಂದಲ್ಲ ಒಂದು ದಿನ ಹೇಳದೆ ಹೋದರೆ ಅತ್ಯುತ್ತಮ ಸಾಕ್ಷ್ಯವೂ ಅಪೂರ್ಣವಾಗಿ ಉಳಿಯುತ್ತದೆಂದು ಎಚ್ಚರಿಸಿದರು. ಹೇಗೆ ಹೇಳಬೇಕೆಂಬುದನ್ನು 2013ರಲ್ಲಿ ಜಗದ್ಗುರು ಫ್ರಾನ್ಸಿಸರು ವಿವರಿಸಿದ್ದಾರೆ: ಮೊದಲು ಎದುರಿನವನು ತನ್ನ ಸುಖದುಃಖ ಹೇಳಿಕೊಳ್ಳಲಿ, ನಾವು ಕೇಳಬೇಕು, ಆಮೇಲೆ ವಿನಯದಿಂದ ಮಾತು. ಸುಮಾರು ಇನ್ನೂರೆಂಬತ್ತು ವರ್ಷಗಳ ಹಿಂದೆ ಪದ್ಮನಾಭಪುರದ ಸೈನಿಕ ಯಾವ ಪತ್ರವನ್ನೂ ಓದದೆ ಮಾಡಿದ್ದು ಇದನ್ನೇ. ಇಷ್ಟಾಗಿ, ಬಾಳೇ ಸಾಕ್ಷಿ ಎನ್ನುವವರು ಬಾಳಿನ ಪರೀಕ್ಷೆಗೂ ಸಿದ್ಧರಿರಬೇಕು. ಕಡತ ಮುಂದೆ ಹೋಗಲು ಕವರು ಪಡೆಯುವ ಗುಮಾಸ್ತನ ಮೇಜಿನ ಮೇಲೆ ತಿರುಹೃದಯದ ಪಟವಿದ್ದರೆ ಆ ಪಟ ಏನು ಸಾಕ್ಷಿ ಹೇಳುತ್ತದೆ?

ನನ್ನ ಅನುಭವದಲ್ಲಿ ನಮ್ಮವರನ್ನು ತಡೆಯುವುದು ಹೆದರಿಕೆಗಿಂತ ಹೆಚ್ಚಾಗಿ ಮಾತಿನ ಬಡತನ. ಧರ್ಮೋಪದೇಶದ ತರಗತಿ ದೃಢೀಕರಣದ ದಿನಕ್ಕೆ ಮುಗಿದುಹೋಗುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು, ಬಡ್ಡಿಯ ದರದ ಬಗ್ಗೆ ಅರ್ಧ ಗಂಟೆ ನಿರರ್ಗಳವಾಗಿ ವಿವರಿಸಬಲ್ಲವರಿಗೆ, ಯೇಸು ನಿಮಗೆ ಯಾರು ಎಂದು ಕೇಳಿದರೆ ಹನ್ನೆರಡನೆ ವಯಸ್ಸಿನಲ್ಲಿ ಕಂಠಪಾಠ ಮಾಡಿದ ಉತ್ತರವೇ ಬರುತ್ತದೆ, ಅದೂ ಅರ್ಧಕ್ಕೆ ನಿಲ್ಲುತ್ತದೆ. ಸಂತ ಪೇತ್ರರು ತಮ್ಮ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ, ನಿಮ್ಮಲ್ಲಿರುವ ಭರವಸೆಗೆ ಆಧಾರವೇನೆಂದು ಕೇಳುವವರಿಗೆ ವಿನಯದಿಂದಲೂ ಗೌರವದಿಂದಲೂ ಉತ್ತರಿಸಲು ಸಿದ್ಧರಾಗಿರಬೇಕೆನ್ನುತ್ತಾರೆ. ಸಿದ್ಧತೆ ಎಲ್ಲಿ ನಡೆಯಬೇಕು? ಮನೆಯಲ್ಲಿ. ಹೆತ್ತವರೇ ಮಕ್ಕಳ ಮೊದಲ ಬೋಧಕರೆಂದು ವ್ಯಾಟಿಕನ್ ಮಹಾಸಭೆ ಹೇಳಿತು. ಆದರೆ ಜಪಸರ ಮುಗಿದೊಡನೆ ದೂರದರ್ಶನ ಹಚ್ಚುವ ನಮ್ಮ ಮನೆಗಳಲ್ಲಿ, ಅಪ್ಪ, ನೀವು ನಿಜವಾಗಿ ಇದನ್ನೆಲ್ಲ ನಂಬುತ್ತೀರಾ ಎಂದು ಮಗ ಕೇಳಿದರೆ ಅದನ್ನು ಉದ್ಧಟತನವೆಂದು ಗದರುವುದೇ ಹೆಚ್ಚು. ಆ ಪ್ರಶ್ನೆ ಬಂದ ಸಂಜೆ ತಂದೆ ತಡವರಿಸುತ್ತಲಾದರೂ, ತಾನು ಯಾವ ಕಷ್ಟದಲ್ಲಿ ಹೇಗೆ ಪ್ರಾರ್ಥಿಸಿದೆನೆಂದು ತನ್ನ ಮಾತಿನಲ್ಲೇ ಹೇಳಲಿ. ಮಗನ ಮುಂದೆ ಹೇಳಲು ಬಾರದ್ದು ಸಹೋದ್ಯೋಗಿಯ ಮುಂದೆ ಬರುವುದಿಲ್ಲ.

ಸಾವಿನ ಮನೆಗಳಲ್ಲಿ ಮಾತ್ರ, ಕಲಿತವರಿಗಿಂತ ಕಲಿಯದವರು ಈ ವಿಷಯದಲ್ಲಿ ಮುಂದಿರುವುದನ್ನು ಕಂಡಿದ್ದೇನೆ. ನನ್ನ ಧರ್ಮಕೇಂದ್ರದ ಒಬ್ಬ ವಿಧವೆ, ಗಂಡನ ತಿಂಗಳ ಪೂಜೆಯ ಹಿಂದಿನ ದಿನ ಅಡಿಗೆಗೆ ಅಕ್ಕಿ ಆರಿಸುತ್ತ ಕುಳಿತಿದ್ದರು. ಪಕ್ಕದ ಮನೆಯ ಹೆಂಗಸು ನೆರವಿಗೆ ಬಂದಿದ್ದರು. ‘ನಿಮ್ಮವರು ಈಗ ಎಲ್ಲಿದ್ದಾರೆ ಅಂತ ನೀವು ನಂಬ್ತೀರಿ ಅಕ್ಕ?’ ಎಂದು ಆಕೆ ಕೇಳಿದರಂತೆ. ‘ದೇವರ ಕೈಯಲ್ಲಿದ್ದಾರೆ ತಾಯಿ. ಯೇಸುಸ್ವಾಮಿ ಸತ್ತು ಎದ್ದು ಬಂದರಲ್ಲ, ಇವರನ್ನೂ ಎಬ್ಬಿಸುತ್ತಾರೆ. ನಾನು ಮತ್ತೆ ನೋಡ್ತೀನಿ’ ಎಂದರಂತೆ ಇವರು. ಮತ್ತೆ ಇಬ್ಬರೂ ಅಕ್ಕಿ ಆರಿಸಿದರು. ಎರಡು ವರ್ಷಗಳ ಹಿಂದೆ ಆ ನೆರೆಮನೆಯಾಕೆಯ ಹದಿನೇಳು ವರ್ಷದ ಮಗ ಅಪಘಾತದಲ್ಲಿ ತೀರಿಕೊಂಡಿದ್ದ. ಮರುದಿನ ಪೂಜೆ ಮುಗಿದು, ಊಟವಾಗಿ, ಬಂದವರೆಲ್ಲ ಹೊರಟುಹೋದ ಮೇಲೆ ಆಕೆ ಪಾತ್ರೆ ಹಿಂದಿರುಗಿಸುವ ನೆವದಲ್ಲಿ ಬಂದು, ಆ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಕೇಳಿದರು.